ನಾಲ್ಕನೆಯ ತಿದ್ದುಪಡಿ (ಅಮೆರಿಕ ಸಂವಿಧಾನ)

ಜನರ ಮೈ, ಮನೆ, ಕಾಗದಪತ್ರ, ಸ್ವತ್ತುಗಳನ್ನು ಶೋಧಿಸಲು ಹಾಗೂ ಜಪ್ತಿ ಮಾಡಲು ಸರ್ಕಾರಕ್ಕಿರುವ ಅಧಿಕಾರಕ್ಕೆ ಮಿತಿ ಹಾಕುವ ಅಮೆರಿಕ ಸಂವಿಧಾನದ ವಿಧಿ. ಹಕ್ಕುಗಳ ಮಸೂದೆ ಎಂದು ಹೆಸರಾದ ಮೊದಲ ಹತ್ತು ತಿದ್ದುಪಡಿಗಳಲ್ಲಿ ಇದೂ ಒಂದು. 1791ರ ಡಿಸೆಂಬರ್ 15ರಂದು ಜಾರಿಗೆ ಬಂತು. ಶೋಧವನ್ನೇ ಇದು ನಿಷೇಧಿಸುವುದಿಲ್ಲ. ಶೋಧಿಸಬೇಕೇ, ಎಲ್ಲಿ, ಏನನ್ನು ಎಂಬ ತೀರ್ಮಾನ ಶೋಧಕ್ಕೆ ಹೊರಟ ಅಧಿಕಾರಿಯ ಇಷ್ಟಕ್ಕೆ ಬಿಟ್ಟದ್ದಲ್ಲ, ಅದನ್ನು ಮುಂಚಿತವಾಗಿ ಬೇರೊಬ್ಬರು ತೂಗಿ ನೋಡಬೇಕು ಎಂಬುದು ಇದರ ತಿರುಳು. ಈ ತತ್ತ್ವಕ್ಕೆ ಎಷ್ಟು ವಿನಾಯಿತಿ ಕೊಡಬಹುದು, ಹೊಸ ಉಪಕರಣಗಳು ಬಂದಾಗ ಶೋಧ ಎಂದರೆ ಯಾವುದು, ಮಿತಿ ಮೀರಿದವರಿಗೆ ಯಾವ ಶಾಸ್ತಿ ಎಂಬ ಪ್ರಶ್ನೆಗಳ ಸುತ್ತಲೇ ಇದರ ಇತಿಹಾಸ ಬೆಳೆದಿದೆ.

ಹಿನ್ನೆಲೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾರ ಹೆಸರನ್ನೂ ಯಾವ ಮನೆಯನ್ನೂ ನಮೂದಿಸದ ಸಾಮಾನ್ಯ ವಾರಂಟುಗಳು ಬಳಕೆಯಲ್ಲಿದ್ದವು. ದೊರೆಯ ಭಾಷಣವನ್ನು ಟೀಕಿಸಿದ 'ನಾರ್ತ್ ಬ್ರಿಟನ್' ಪತ್ರಿಕೆಯ 45ನೆಯ ಸಂಚಿಕೆಯ ಬೆನ್ನುಹತ್ತಿ 1763ರಲ್ಲಿ ಅಧಿಕಾರಿಗಳು ಇಂಥದೇ ಒಂದು ವಾರಂಟಿನ ಬಲದಿಂದ 49 ಮಂದಿಯನ್ನು ಬಂಧಿಸಿದರು. ಅವರಲ್ಲಿ ಒಬ್ಬನಾಗಿದ್ದ ಪಾರ್ಲಿಮೆಂಟ್ ಸದಸ್ಯ ಜಾನ್ ವಿಲ್ಕ್ಸ್ ದಾವೆ ಹೂಡಿ ಪರಿಹಾರ ಪಡೆದ. 1765ರ ಎಂಟಿಕ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಲಾರ್ಡ್ ಕ್ಯಾಮ್ಡೆನ್, ಕಾನೂನಿನ ಆಧಾರವಿಲ್ಲದೆ ಒಬ್ಬನ ಮನೆಗೆ ನುಗ್ಗಿ ಕಾಗದಪತ್ರ ಕೆದಕಿದ ದೊರೆಯ ದೂತರು ಅತಿಕ್ರಮಣ ಎಸಗಿದ್ದಾರೆಂದೂ, ರಾಜ್ಯದ ಅಗತ್ಯವೆಂಬ ನೆಪ ಅದಕ್ಕೆ ರಕ್ಷೆಯಾಗದೆಂದೂ ತೀರ್ಪಿತ್ತ.

ಅಮೆರಿಕದ ವಸಾಹತುಗಳಲ್ಲಿ ಕಾಟ ಕೊಟ್ಟದ್ದು ಸುಂಕದ ಅಧಿಕಾರಿಗಳಿಗೆ ಕೊಡುತ್ತಿದ್ದ 'ನೆರವಿನ ಆಜ್ಞಾಪತ್ರ'ಗಳು. ಕಳ್ಳಸಾಗಣೆಯ ಸರಕು ಇದೆಯೆಂಬ ಶಂಕೆಯ ಮೇಲೆ ಯಾವ ಮನೆ, ಮಳಿಗೆಯನ್ನಾದರೂ ಹೊಕ್ಕು ಹುಡುಕಲು ಅವು ಅವಕಾಶ ಕೊಡುತ್ತಿದ್ದವು. ದೊರೆ ಬದುಕಿರುವ ತನಕ ಮತ್ತು ಆಮೇಲೂ ಆರು ತಿಂಗಳು ಅವು ಊರ್ಜಿತವಾಗಿರುತ್ತಿದ್ದವು. 1760ರಲ್ಲಿ ಎರಡನೆಯ ಜಾರ್ಜ್ ತೀರಿಕೊಂಡಾಗ ಅವನ್ನು ನವೀಕರಿಸುವುದನ್ನು ಬಾಸ್ಟನ್ನಿನ ವರ್ತಕರು ವಿರೋಧಿಸಿದರು. 1761ರ ಫೆಬ್ರುವರಿಯಲ್ಲಿ ಅವರ ಪರವಾಗಿ ಗಂಟೆಗಟ್ಟಲೆ ವಾದಿಸಿದ ವಕೀಲ ಜೇಮ್ಸ್ ಓಟಿಸ್ ಮೊಕದ್ದಮೆಯಲ್ಲಿ ಸೋತ. ಆದರೆ ಅಂದು ನ್ಯಾಯಾಲಯದಲ್ಲಿ ಕುಳಿತು ವಾದ ಕೇಳಿದ ಯುವಕ ಜಾನ್ ಆಡಮ್ಸ್, ಅಮೆರಿಕದ ಸ್ವಾತಂತ್ರ್ಯ ಹುಟ್ಟಿದ್ದೇ ಆ ಗಳಿಗೆಯಲ್ಲಿ ಎಂದು ಮುಪ್ಪಿನಲ್ಲಿ ನೆನೆದ. ಅವನೇ ಕರಡು ಬರೆದ 1780ರ ಮ್ಯಾಸಚೂಸೆಟ್ಸ್ ಸಂವಿಧಾನದ 14ನೆಯ ವಿಧಿ ನಾಲ್ಕನೆಯ ತಿದ್ದುಪಡಿಗೆ ಮೇಲ್ಪಂಕ್ತಿಯಾಯಿತು. ಜೇಮ್ಸ್ ಮ್ಯಾಡಿಸನ್ 1789ರ ಜೂನ್ 8ರಂದು ಕಾಂಗ್ರೆಸ್ಸಿನ ಮುಂದಿಟ್ಟ ತಿದ್ದುಪಡಿಗಳಲ್ಲಿ ಇದರ ಮೊದಲ ರೂಪ ಇತ್ತು.

ವಿಧಿಯ ಸ್ವರೂಪ

ಇಡೀ ವಿಧಿ ಒಂದೇ ವಾಕ್ಯದ್ದು. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ಸಮಂಜಸವಲ್ಲದ ಶೋಧ ಮತ್ತು ಜಪ್ತಿಗಳಿಂದ ಜನರಿಗಿರುವ ರಕ್ಷಣೆಯನ್ನು ಉಲ್ಲಂಘಿಸಕೂಡದು ಎನ್ನುತ್ತದೆ. ಎರಡನೆಯದು ವಾರಂಟಿಗೆ ಷರತ್ತುಗಳನ್ನು ಹಾಕುತ್ತದೆ: ನಂಬಲು ತಕ್ಕ ಕಾರಣ ಇರಬೇಕು, ಅದಕ್ಕೆ ಪ್ರಮಾಣ ಮಾಡಿ ಹೇಳಿದ ಮಾತಿನ ಆಧಾರ ಇರಬೇಕು, ಶೋಧಿಸುವ ಜಾಗ ಮತ್ತು ಹಿಡಿಯಬೇಕಾದ ವ್ಯಕ್ತಿ ಅಥವಾ ವಸ್ತುವನ್ನು ನಿರ್ದಿಷ್ಟವಾಗಿ ಹೆಸರಿಸಿರಬೇಕು. ವಾರಂಟ್ ಇಲ್ಲದ ಶೋಧವೆಲ್ಲ ಅಸಮಂಜಸವೇ ಎಂಬುದನ್ನು ವಾಕ್ಯ ಹೇಳುವುದಿಲ್ಲ. ವಾರಂಟೇ ನಿಯಮ, ಉಳಿದದ್ದು ವಿನಾಯಿತಿ ಎಂಬ ಪಕ್ಷಕ್ಕೂ, ಸಮಂಜಸತೆಯೊಂದೇ ಅಳತೆ ಎಂಬ ಪಕ್ಷಕ್ಕೂ ನಡೆದಿರುವ ವಾದ ಈ ಮೌನದಿಂದ ಹುಟ್ಟಿದ್ದು.

ವಿಧಿ ಕಟ್ಟುಪಾಡು ಹಾಕುವುದು ಸರ್ಕಾರಕ್ಕೆ ಮಾತ್ರ. ಖಾಸಗಿ ವ್ಯಕ್ತಿ ತಾನಾಗಿ ಇನ್ನೊಬ್ಬರ ಕಾಗದಪತ್ರ ಕದ್ದು ಪೊಲೀಸರಿಗೆ ಒಪ್ಪಿಸಿದರೆ ಅದು ಬೇರೆ ಕಾನೂನಿನ ಅಪರಾಧವಾಗಬಹುದೇ ಹೊರತು ಈ ವಿಧಿಯ ಉಲ್ಲಂಘನೆಯಲ್ಲ ಎಂದು ಸುಪ್ರೀಂ ಕೋರ್ಟ್ 1921ರಲ್ಲಿ ಹೇಳಿತು. ಮೊದಲು ಇದು ಕೇಂದ್ರ ಸರ್ಕಾರಕ್ಕಷ್ಟೇ ಅನ್ವಯಿಸುತ್ತಿತ್ತು. 1868ರ ಹದಿನಾಲ್ಕನೆಯ ತಿದ್ದುಪಡಿಯ ಮೂಲಕ ಈ ಹಕ್ಕು ರಾಜ್ಯಗಳನ್ನೂ ಬಂಧಿಸುತ್ತದೆ ಎಂದು ತೀರ್ಮಾನವಾದದ್ದು 1949ರ ವುಲ್ಫ್ ಪ್ರಕರಣದಲ್ಲಿ.

ವಾರಂಟ್

ಅಧಿಕಾರಿ ತನಗೆ ತಿಳಿದ ಸಂಗತಿಗಳನ್ನು ಪ್ರಮಾಣಪತ್ರದಲ್ಲಿ ಬರೆದು ಮ್ಯಾಜಿಸ್ಟ್ರೇಟರ ಮುಂದಿಡುತ್ತಾನೆ. ಅವರಿಗೆ ಒಪ್ಪಿಗೆಯಾದರೆ ವಾರಂಟ್ ಹೊರಡುತ್ತದೆ. ಅಪರಾಧ ಪತ್ತೆಹಚ್ಚುವ ಪೈಪೋಟಿಯಲ್ಲಿರುವ ಅಧಿಕಾರಿಗೆ ಈ ತೀರ್ಮಾನ ಬಿಡಬಾರದು, ಅದು ತಟಸ್ಥ ನ್ಯಾಯಾಧಿಕಾರಿಯದಾಗಬೇಕು ಎಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ 1948ರ ಜಾನ್ಸನ್ ಪ್ರಕರಣದಲ್ಲಿ ವಿವರಿಸಿದರು. ನಂಬಲು ತಕ್ಕ ಕಾರಣವನ್ನು ಒಟ್ಟು ಸನ್ನಿವೇಶ ನೋಡಿ ಅಳೆಯಬೇಕೆಂಬುದು 1983ರ ಗೇಟ್ಸ್ ತೀರ್ಪು. ಜಪ್ತಿ ಮಾಡಬೇಕಾದ ವಸ್ತುಗಳನ್ನು ವಾರಂಟಿನಲ್ಲೇ ನಮೂದಿಸದೆ ಬಿಟ್ಟರೆ ಅದು ಅಸಿಂಧು ಎಂದು 2004ರ ಗ್ರೋ ಪ್ರಕರಣ ಹೇಳಿತು.

ರಕ್ಷಣೆ ಅತ್ಯಂತ ಬಿಗಿಯಾಗಿರುವುದು ಮನೆಯ ವಿಷಯದಲ್ಲಿ. ಆರೋಪಿಯನ್ನು ಅವನ ಮನೆಯೊಳಗೆ ಹೊಕ್ಕು ಬಂಧಿಸಬೇಕಾದರೆ, ತುರ್ತು ಇಲ್ಲದ ಹೊತ್ತಿನಲ್ಲಿ, ವಾರಂಟ್ ಬೇಕೇ ಬೇಕು ಎಂಬುದು 1980ರ ಪೇಟನ್ ತೀರ್ಪು.

ವಿನಾಯಿತಿಗಳು

ದಿನನಿತ್ಯದ ಪೊಲೀಸ್ ಕೆಲಸದಲ್ಲಿ ವಿನಾಯಿತಿಗಳ ಪಾಲು ದೊಡ್ಡದು. ವ್ಯಕ್ತಿ ತಾನೇ ಒಪ್ಪಿದರೆ ವಾರಂಟ್ ಬೇಡ; ಒಪ್ಪದಿರುವ ಹಕ್ಕು ನಿಮಗಿದೆ ಎಂದು ಪೊಲೀಸರು ಹೇಳಬೇಕಾದ್ದೂ ಇಲ್ಲ (1973). ಬಂಧನದ ಹೊತ್ತಿನಲ್ಲಿ ಆರೋಪಿಯ ಮೈಯನ್ನೂ ಕೈಗೆಟಕುವ ಜಾಗವನ್ನೂ ಶೋಧಿಸಬಹುದು (1969). ವಾರಂಟ್ ತರುವಷ್ಟರಲ್ಲಿ ವಾಹನ ಓಡಿಹೋಗುತ್ತದೆ ಎಂಬ ಕಾರಣಕ್ಕೆ ಮೋಟಾರು ವಾಹನಗಳಿಗೆ ವಿನಾಯಿತಿ ಸಿಕ್ಕಿದ್ದು ಪಾನನಿಷೇಧದ ಕಾಲದ 1925ರ ಕ್ಯಾರಲ್ ಪ್ರಕರಣದಲ್ಲಿ. ಕಣ್ಣೆದುರೇ ಬಿದ್ದಿರುವ ಕಳ್ಳಮಾಲು, ಜೀವಕ್ಕೆ ಅಪಾಯ, ಸಾಕ್ಷ್ಯನಾಶದ ಸಂಭವ, ದೇಶದ ಗಡಿ ತಪಾಸಣೆ ಇವೂ ವಿನಾಯಿತಿಗಳೇ.

ಹೆಚ್ಚು ವಿವಾದ ಎಬ್ಬಿಸಿದ್ದು 1968ರ ಟೆರ್ರಿ ತೀರ್ಪು. ಕ್ಲೀವ್‌ಲೆಂಡಿನಲ್ಲಿ ಒಂದು ಅಂಗಡಿಯ ಮುಂದೆ ಪದೇಪದೇ ಸುಳಿದಾಡುತ್ತಿದ್ದವರನ್ನು ಕಂಡ ಪತ್ತೇದಾರ ಅವರನ್ನು ತಡೆದು ಮೈದಡವಿದಾಗ ಪಿಸ್ತೂಲುಗಳು ಸಿಕ್ಕವು. ಬಂಧಿಸುವಷ್ಟು ಕಾರಣ ಇಲ್ಲದಿದ್ದರೂ ಹೇಳಿ ತೋರಿಸಬಲ್ಲ ಸಂಗತಿಗಳ ಮೇಲೆ ನಿಂತ ಸಂಶಯವಿದ್ದರೆ ತಡೆಯಬಹುದು, ಆಯುಧವಿದೆಯೆಂಬ ಭಯಕ್ಕೆ ಆಧಾರವಿದ್ದರೆ ಮೇಲುಡುಪನ್ನು ತಡವಬಹುದು ಎಂದು ಕೋರ್ಟ್ 8-1ರಲ್ಲಿ ಒಪ್ಪಿತು. ನ್ಯಾಯಾಧೀಶನಿಗೂ ಇಲ್ಲದ ಅಧಿಕಾರವನ್ನು ಪೊಲೀಸನಿಗೆ ಕೊಟ್ಟಂತಾಯಿತೆಂದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಒಬ್ಬರೇ ಭಿನ್ನಮತ ಬರೆದರು. ನ್ಯೂಯಾರ್ಕ್ ನಗರದಲ್ಲಿ 2011ರ ಒಂದೇ ವರ್ಷ ಪೊಲೀಸರು ದಾಖಲಿಸಿದ ಇಂಥ ತಡೆಗಳು 6,85,724. ತಡೆಯಲ್ಪಟ್ಟವರಲ್ಲಿ ಹೆಚ್ಚಿನವರು ಕರಿಯರು ಮತ್ತು ಲ್ಯಾಟಿನೊ ಜನ. ನಗರ ಇದನ್ನು ನಡೆಸುತ್ತಿದ್ದ ರೀತಿ ಸಂವಿಧಾನಬಾಹಿರ ಎಂದು 2013ರಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು.

ಸಾಕ್ಷ್ಯ ತಿರಸ್ಕಾರ

ಉಲ್ಲಂಘನೆ ನಡೆದರೆ ಏನಾಗಬೇಕೆಂಬುದನ್ನು ವಿಧಿ ಹೇಳಿಲ್ಲ. ಆ ಜಾಗವನ್ನು ತುಂಬಿದ್ದು ನ್ಯಾಯಾಲಯ. ಅಕ್ರಮವಾಗಿ ಜಪ್ತಿ ಮಾಡಿದ ವಸ್ತುವನ್ನು ಫೆಡರಲ್ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸಕೂಡದೆಂದು 1914ರ ವೀಕ್ಸ್ ತೀರ್ಪು ಸಾರಿತು. ಇದು ರಾಜ್ಯಗಳಿಗೂ ವಿಸ್ತರಿಸಿದ್ದು 1961ರಲ್ಲಿ, ಡಾಲ್ರಿ ಮ್ಯಾಪ್ ಎಂಬಾಕೆಯ ಮೊಕದ್ದಮೆಯಲ್ಲಿ. 1957ರ ಮೇ 23ರಂದು ಬಾಂಬ್ ಪ್ರಕರಣವೊಂದರ ಶಂಕಿತನನ್ನು ಹುಡುಕಿಕೊಂಡು ಕ್ಲೀವ್‌ಲೆಂಡಿನ ಆಕೆಯ ಮನೆಗೆ ಬಂದ ಪೊಲೀಸರು ಬಾಗಿಲು ಒಡೆದು ನುಗ್ಗಿದರು. ವಾರಂಟ್ ಎಲ್ಲಿ ಎಂದು ಆಕೆ ಕೇಳಿದಾಗ ಒಂದು ಕಾಗದ ತೋರಿಸಿದರು. ವಿಚಾರಣೆಯಲ್ಲಿ ಯಾವ ವಾರಂಟೂ ಹಾಜರಾಗಲಿಲ್ಲ. ಮನೆಯೆಲ್ಲ ಜಾಲಾಡಿದ ಮೇಲೆ ಸಿಕ್ಕ ಅಶ್ಲೀಲ ಪುಸ್ತಕಗಳಿಗಾಗಿ ಆಕೆಗೆ ಶಿಕ್ಷೆಯಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು.

ಪೊಲೀಸನ ತಪ್ಪಿಗೆ ಅಪರಾಧಿ ಪಾರಾಗುತ್ತಾನೆ ಎಂಬ ಆಕ್ಷೇಪ ಈ ನಿಯಮವನ್ನು ಬಿಟ್ಟುಹೋಗಿಲ್ಲ. 1980ರ ದಶಕದಿಂದ ಅದರ ವ್ಯಾಪ್ತಿ ಕುಗ್ಗುತ್ತ ಬಂದಿದೆ. ದೋಷವಿದ್ದ ವಾರಂಟನ್ನು ಅಧಿಕಾರಿ ಸದ್ಭಾವದಿಂದ ನಂಬಿ ನಡೆದಿದ್ದರೆ ಸಾಕ್ಷ್ಯ ನಿಲ್ಲುತ್ತದೆ (1984). ಬಾಗಿಲು ತಟ್ಟಿ ತಮ್ಮ ಗುರುತು ಹೇಳಿ ಒಳಗೆ ಹೋಗಬೇಕೆಂಬ ನಿಯಮ ಮುರಿದ ಮಾತ್ರಕ್ಕೆ ಸಾಕ್ಷ್ಯ ಬೀಳುವುದಿಲ್ಲ (2006).

ಪರಿಹಾರ ಕೇಳಿ ಸಿವಿಲ್ ದಾವೆ ಹೂಡುವ ದಾರಿಯೂ ಇದೆ. ರಾಜ್ಯ, ನಗರಗಳ ಅಧಿಕಾರಿಗಳ ಮೇಲೆ ದಾವೆಗೆ 1871ರ ನಾಗರಿಕ ಹಕ್ಕುಗಳ ಕಾಯಿದೆ ಆಧಾರ. ಆದರೆ ಮುರಿದ ಹಕ್ಕು ಆ ಹೊತ್ತಿಗೆ ಸ್ಪಷ್ಟವಾಗಿ ಸ್ಥಾಪಿತವಾಗಿರದಿದ್ದರೆ ಅಧಿಕಾರಿಗೆ ಹೊಣೆಯಿಲ್ಲ ಎಂಬ ಷರತ್ತಿನ ರಕ್ಷೆಯಿಂದ ಬಹಳ ದಾವೆಗಳು ವಿಚಾರಣೆಗೆ ಮುನ್ನವೇ ವಜಾ ಆಗುತ್ತವೆ. ಫೆಡರಲ್ ಅಧಿಕಾರಿಗಳ ವಿರುದ್ಧ 1971ರ ಬಿವೆನ್ಸ್ ತೀರ್ಪು ತೆರೆದ ದಾರಿ ಈಗ ಬಹಳ ಇಕ್ಕಟ್ಟಾಗಿದೆ. 2022ರಲ್ಲಿ ಅದನ್ನು ಗಡಿ ಗಸ್ತಿನವರ ವಿರುದ್ಧದ ದಾವೆಗೆ ವಿಸ್ತರಿಸಲು ಕೋರ್ಟ್ ಒಪ್ಪಲಿಲ್ಲ.

ತಂತ್ರಜ್ಞಾನ

1928ರ ಓಲ್ಮ್‌ಸ್ಟೆಡ್ ಪ್ರಕರಣದಲ್ಲಿ ಸಿಯಾಟಲ್‌ನ ಮದ್ಯ ಕಳ್ಳಸಾಗಣೆದಾರನ ದೂರವಾಣಿಯನ್ನು ಅಧಿಕಾರಿಗಳು ಮನೆಯ ಹೊರಗಿನ ತಂತಿಯಿಂದ ಕದ್ದಾಲಿಸಿದ್ದರು. ಯಾರೂ ಮನೆಯೊಳಗೆ ಕಾಲಿಟ್ಟಿಲ್ಲ, ಯಾವ ವಸ್ತುವನ್ನೂ ಜಪ್ತಿ ಮಾಡಿಲ್ಲ, ಆದ್ದರಿಂದ ಇದು ಶೋಧವಲ್ಲ ಎಂದು ಬಹುಮತ ಹೇಳಿತು. ಸರ್ಕಾರದ ಹಸ್ತಕ್ಷೇಪವಿಲ್ಲದೆ ತನ್ನಷ್ಟಕ್ಕೆ ತಾನಿರುವುದು ನಾಗರಿಕನ ಅತಿದೊಡ್ಡ ಹಕ್ಕೆಂದು ನ್ಯಾಯಮೂರ್ತಿ ಲೂಯಿಸ್ ಬ್ರಾಂಡೈಸ್ ಭಿನ್ನಮತದಲ್ಲಿ ವಾದಿಸಿದರು. ಅವರ ದೃಷ್ಟಿ ಗೆದ್ದದ್ದು 1967ರಲ್ಲಿ. ಲಾಸ್ ಏಂಜಲೀಸ್‌ನ ಸಾರ್ವಜನಿಕ ಟೆಲಿಫೋನ್ ಬೂತಿಗೆ ಧ್ವನಿಗ್ರಾಹಕ ಅಂಟಿಸಿ ಜೂಜಿನ ಮಾತು ಕೇಳಿಸಿಕೊಂಡಿದ್ದ ಕ್ಯಾಟ್ಜ್ ಪ್ರಕರಣದಲ್ಲಿ, ವಿಧಿ ಕಾಪಾಡುವುದು ಜಾಗಗಳನ್ನಲ್ಲ, ಜನರನ್ನು ಎಂದು ಕೋರ್ಟ್ ಘೋಷಿಸಿತು. ಖಾಸಗಿತನದ ನಿರೀಕ್ಷೆ ವ್ಯಕ್ತಿಗೆ ಇತ್ತೇ, ಸಮಾಜ ಅದನ್ನು ಸಮಂಜಸವೆಂದು ಒಪ್ಪುತ್ತದೆಯೇ ಎಂದು ನ್ಯಾಯಮೂರ್ತಿ ಜಾನ್ ಹಾರ್ಲನ್ ಸೂಚಿಸಿದ ಎರಡು ಪ್ರಶ್ನೆಗಳು ಆಮೇಲೆ ಮುಖ್ಯ ಅಳತೆಗೋಲಾದವು.

ಅದೇ ಅಳತೆಗೋಲು ರಕ್ಷಣೆಯನ್ನು ಕುಗ್ಗಿಸಿದ್ದೂ ಉಂಟು. ಬ್ಯಾಂಕಿಗೆ ತಾನಾಗಿ ಕೊಟ್ಟ ಮಾಹಿತಿಯಲ್ಲಿ (1976), ಡಯಲ್ ಮಾಡಿದ ಸಂಖ್ಯೆಗಳಲ್ಲಿ (1979) ಇಂಥ ನಿರೀಕ್ಷೆ ಉಳಿಯುವುದಿಲ್ಲ ಎಂಬ 'ಮೂರನೆಯವರ ಸಿದ್ಧಾಂತ' ಹೀಗೆ ಬಂತು. ಡಿಜಿಟಲ್ ಯುಗದಲ್ಲಿ ಇದು ಸರಿಹೋಗದೆಂಬ ಅರಿವು ಇತ್ತೀಚಿನ ತೀರ್ಪುಗಳಲ್ಲಿದೆ. ರಸ್ತೆಯಲ್ಲಿ ನಿಂತು ಮನೆಯ ಗೋಡೆಯ ಶಾಖವನ್ನು ಯಂತ್ರದಿಂದ ಅಳೆಯುವುದೂ ಶೋಧವೇ (ಕೈಲೊ, 2001). ಕಾರಿಗೆ ಜಿಪಿಎಸ್ ಕಟ್ಟಿ 28 ದಿನ ಹಿಂಬಾಲಿಸುವುದೂ ಶೋಧ (ಜೋನ್ಸ್, 2012). ಬಂಧಿತನ ಮೊಬೈಲ್ ತೆರೆದು ನೋಡಲು ವಾರಂಟ್ ಬೇಕೆಂದು ರೈಲಿ ಪ್ರಕರಣದಲ್ಲಿ (2014) ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಕಾರ್ಪೆಂಟರ್ ಪ್ರಕರಣದಲ್ಲಿ (2018) ತನಿಖೆಯವರು ಮೊಬೈಲ್ ಕಂಪನಿಗಳಿಂದ ಆರೋಪಿಯ 127 ದಿನಗಳ ಓಡಾಟದ 12,898 ದಾಖಲೆಗಳನ್ನು ವಾರಂಟಿಲ್ಲದೆ ಪಡೆದಿದ್ದರು. ಅದು ವಿಧಿಯ ಉಲ್ಲಂಘನೆ ಎಂದು 5-4ರ ಬಹುಮತ ತೀರ್ಮಾನಿಸಿತು.

ದೇಶದ ಭದ್ರತೆಯ ಹೆಸರಿನ ಕದ್ದಾಲಿಕೆ ಬೇರೆಯೇ ಹಾದಿ ಹಿಡಿದಿದೆ. ದೇಶದೊಳಗಿನ ಸಂಘಟನೆಗಳ ಮೇಲೆ ಕಣ್ಣಿಡಲು ವಾರಂಟ್ ಬೇಕೆಂದು 1972ರಲ್ಲಿ ತೀರ್ಪಾಯಿತು. ವಿದೇಶಿ ಬೇಹುಗಾರಿಕೆಗೆ ಸಂಬಂಧಿಸಿದ ಕೋರಿಕೆಗಳಿಗಾಗಿ 1978ರ ಕಾಯಿದೆ ಗುಟ್ಟಾಗಿ ಕಲಾಪ ನಡೆಸುವ ವಿಶೇಷ ನ್ಯಾಯಾಲಯವನ್ನು ಸ್ಥಾಪಿಸಿತು. ಕೋಟ್ಯಂತರ ಕರೆಗಳ ವಿವರ ಒಟ್ಟಾಗಿ ಸಂಗ್ರಹವಾಗುತ್ತಿದ್ದುದನ್ನು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ ಮೇಲೆ, 2015ರಲ್ಲಿ ಕಾಂಗ್ರೆಸ್ ಆ ಬಗೆಯ ಸಂಗ್ರಹವನ್ನು ನಿಲ್ಲಿಸಿತು.

ಭಾರತದ ಕಾನೂನಿನೊಡನೆ ಹೋಲಿಕೆ

ಭಾರತದ ಸಂವಿಧಾನದಲ್ಲಿ ಇಂಥ ವಿಧಿ ಇಲ್ಲ. 1954ರ ಎಂ.ಪಿ. ಶರ್ಮಾ ತೀರ್ಪಿನಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ ಇದನ್ನೇ ಎತ್ತಿ ಹೇಳಿ, ಇಲ್ಲದ ಹಕ್ಕನ್ನು ಬೇರೆ ವಿಧಿಯೊಳಗೆ ಸೇರಿಸಲಾಗದು ಎಂದಿತು. ಆ ನಿಲುವು ಬದಲಾದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಹೂಡಿದ ಅರ್ಜಿಯಿಂದ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಹಳೆಯ ತೀರ್ಪಿನ ಆ ಭಾಗವನ್ನು ತಳ್ಳಿಹಾಕಿತು. ಬ್ಯಾಂಕ್ ದಾಖಲೆಗಳ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ ಅದಕ್ಕೂ ಮೊದಲೇ, ಕೆನರಾ ಬ್ಯಾಂಕ್ ಪ್ರಕರಣದಲ್ಲಿ, ಅಮೆರಿಕದ 1976ರ ತೀರ್ಪಿನ ದಾರಿಯನ್ನು ಒಪ್ಪದೆ ಗ್ರಾಹಕನ ಗೌಪ್ಯತೆಯ ಪರ ನಿಂತಿತ್ತು. ಸಾಕ್ಷ್ಯದ ವಿಷಯದಲ್ಲೂ ಎರಡು ದೇಶಗಳ ಹಾದಿ ಬೇರೆ. ಅಕ್ರಮ ಶೋಧದಿಂದ ಸಿಕ್ಕ ಸಾಕ್ಷ್ಯವೂ ಪ್ರಕರಣಕ್ಕೆ ಪ್ರಸ್ತುತವಾಗಿದ್ದರೆ ಗ್ರಾಹ್ಯ ಎಂಬ 1974ರ ಪೂರಣ್‌ಮಲ್ ತೀರ್ಪಿನ ಕಾರಣ, ಮ್ಯಾಪ್ ಪ್ರಕರಣದ ಬಗೆಯ ಸಾಕ್ಷ್ಯ ತಿರಸ್ಕಾರ ಭಾರತದಲ್ಲಿ ಸಾಮಾನ್ಯ ನಿಯಮವಾಗಿ ಬೇರೂರಿಲ್ಲ.