ವಸಡು ಮತ್ತು ಕಿಡ್ನಿ: ಕಡಿದುಹೋಗಿದ್ದ ನಂಟಿನ ಚರಿತ್ರೆ

ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ 1868ರಲ್ಲಿ ಬಾಗಿಲು ತೆರೆದಾಗ ಅದಕ್ಕೆ ಮಾದರಿಯಾಗಿದ್ದುದು ಪ್ಯಾರಿಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ. ವಾರ್ಡುಗಳನ್ನು ಬಿಡಿಬಿಡಿಯಾಗಿ ಕಟ್ಟಿ ನಡುವೆ ಗಾಳಿಯಾಡಲು ಬಿಟ್ಟರೆ ರೋಗ ಹಬ್ಬುವುದಿಲ್ಲ ಎಂದು ಆ ಕಾಲ ನಂಬಿತ್ತು. ಕಿಡ್ನಿಯ ಬಗೆಗೂ ಆಗ ಅರ್ಧವಷ್ಟೇ ಗೊತ್ತಿತ್ತು. ಮೈ ಊದಿಕೊಂಡು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುವವರ ಮೂತ್ರಪಿಂಡ ಕೆಟ್ಟಿರುತ್ತದೆಂದು ಲಂಡನ್ನಿನ ರಿಚರ್ಡ್ ಬ್ರೈಟ್ 1827ರಲ್ಲೇ ತೋರಿಸಿದ್ದರು. ಏಕೆ ಕೆಡುತ್ತದೆ ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

ಆ ಉತ್ತರ ಬಾಯಲ್ಲಿದೆ ಎಂದು ಕೆಲವರು ಹೊರಟರು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1900ರಲ್ಲಿ ಹಲವು ಕಾಯಿಲೆಗಳ ಬೇರು ಬಾಯಿಯ ಕೀವಿನಲ್ಲಿದೆ ಎಂದು ಬರೆದರು. ಷಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ 1912ರ ಪ್ರಬಂಧದಲ್ಲಿ, ದೇಹದ ಯಾವುದೋ ಮೂಲೆಯಲ್ಲಿ ಅಡಗಿದ ಸೋಂಕಿಗೂ ಕೀಲುವಾತಕ್ಕೂ ಮೂತ್ರಪಿಂಡದ ಉರಿಯೂತಕ್ಕೂ ನೇರ ಸಂಬಂಧ ಕಟ್ಟಿದರು. ಊಹೆ ಮತವಾಯಿತು. ಸಾವಿರಾರು ಜನರ ಗಟ್ಟಿ ಹಲ್ಲುಗಳನ್ನೂ ಕಿತ್ತುಹಾಕಲಾಯಿತು. ಕಾಯಿಲೆ ಉಳಿಯಿತು, ಹಲ್ಲು ಹೋಯಿತು. 1938ರಲ್ಲಿ ರಸೆಲ್ ಸೆಸಿಲ್ ಮತ್ತು ಆಂಜೆವೈನ್ 200 ಸಂಧಿವಾತ ರೋಗಿಗಳನ್ನು ಪರಿಶೀಲಿಸಿ ಈ ವಾದಕ್ಕೆ ಬಲವಾದ ಪೆಟ್ಟು ಕೊಟ್ಟರು.

ಆಮೇಲಿನ ತಪ್ಪು ಇನ್ನೊಂದು ಬಗೆಯದು: ವೈದ್ಯಲೋಕ ಬಾಯಿಯನ್ನೇ ಮರೆಯಿತು. ಭಾರತದಲ್ಲಿ 1948ರ ದಂತವೈದ್ಯರ ಕಾಯಿದೆ ಈ ವೃತ್ತಿಗೆ ಗೌರವ ತಂದಿತು, ಜೊತೆಗೇ ಅದರ ದಾರಿಯನ್ನು ಬೇರೆ ಮಾಡಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ ಶುರುವಾಯಿತು. ದಂಡು ಪ್ರದೇಶದ ಕಡೆಗೆ ಬಂದರೆ, ಒಂದೇ ಟ್ರಸ್ಟಿನ ದಂತ ಕಾಲೇಜು ಕುಕ್ ಟೌನಿನಲ್ಲಿದೆ, ವೈದ್ಯಕೀಯ ಕಾಲೇಜು ಕಾಡುಗೊಂಡನಹಳ್ಳಿಯಲ್ಲಿದೆ. ದೇಶದ ಹಲವೆಡೆ ವ್ಯವಸ್ಥೆ ಹೀಗೇ ಇದೆ. ರಕ್ತದ ಕ್ರಿಯಾಟಿನಿನ್ ನೋಡಿ ಕಿಡ್ನಿಯ ಸ್ಥಿತಿ ಅಳೆಯುವವರು ವಸಡು ನೋಡುವುದಿಲ್ಲ.

ನಂಟು ಮತ್ತೆ ಕಾಣಿಸಿಕೊಂಡದ್ದು ದೊಡ್ಡ ಸಮೀಕ್ಷೆಗಳಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಬರ್ಮಿಂಗ್‌ಹ್ಯಾಮಿನ ಪ್ರವೀಣ್ ಶರ್ಮಾ, ಇಯಾನ್ ಚಾಪಲ್ ಮತ್ತು ಸಂಗಡಿಗರು 2016ರಲ್ಲಿ ವಿಶ್ಲೇಷಿಸಿದರು. ಕಿಡ್ನಿ ಕಾಯಿಲೆಯವರಲ್ಲಿ ಹತ್ತು ವರ್ಷದೊಳಗೆ ಸಾಯುವವರ ಪ್ರಮಾಣ ಶೇ. 32, ವಸಡುರೋಗವೂ ಸೇರಿದರೆ ಶೇ. 41. ವಸಡು ಮತ್ತು ಹಲ್ಲಿನ ನಡುವೆ ಸಂದು ಬಿದ್ದು ಅಲ್ಲಿ ರೋಗಾಣು ನೆಲೆಯೂರಿದರೆ, ಉರಿಯೂತ ಹುಟ್ಟಿಸುವ ವಸ್ತುಗಳು ದಿನವೂ ರಕ್ತಕ್ಕೆ ಇಳಿಯುತ್ತವೆ. ಮೂತ್ರಪಿಂಡವೋ ಸೂಕ್ಷ್ಮ ರಕ್ತನಾಳಗಳ ಗೊಂಚಲು; ಆ ಉರಿಯೂತ ಅದಕ್ಕೂ ತಟ್ಟೀತು. ಇನ್ನೊಂದೆಡೆ, ಕಿಡ್ನಿ ಕೆಟ್ಟಾಗ ರೋಗನಿರೋಧಕ ಶಕ್ತಿ ಕುಗ್ಗಿ ವಸಡೂ ಹಾಳಾಗುತ್ತದೆ. ಹಾಗಾಗಿ ಪೆಟ್ಟು ಎರಡೂ ಕಡೆಯಿಂದ.

ಹಾಗಾದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಕಿಡ್ನಿ ಉಳಿದೀತೆ? ಇಲ್ಲಿ ಬಿಲ್ಲಿಂಗ್ಸ್ ಕಾಲದ ಅವಸರ ಮರುಕಳಿಸಬಾರದು. ಅಮೆರಿಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ 53 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಸಡು ಸುಧಾರಿಸಿತು. ಆರು ತಿಂಗಳ ಕೊನೆಗೆ ರಕ್ತದ ಆಲ್ಬುಮಿನ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ 2018ರ ಲಂಡನ್ ಪ್ರಯೋಗದಲ್ಲಿ 264 ಸಕ್ಕರೆ ಕಾಯಿಲೆಯವರ ಪೈಕಿ ತೀವ್ರ ವಸಡು ಚಿಕಿತ್ಸೆ ಪಡೆದವರ ಮೂರು ತಿಂಗಳ ಸಕ್ಕರೆ ಸರಾಸರಿ, ವರ್ಷದ ಬಳಿಕ, ಉಳಿದವರಿಗಿಂತ 0.6 ಶೇಕಡಾ ಅಂಶದಷ್ಟು ಕಡಿಮೆಯಿತ್ತು. ಕಿಡ್ನಿ ಸೋಲಿಸುವ ದೊಡ್ಡ ಕಾರಣವೇ ಸಕ್ಕರೆ ಕಾಯಿಲೆ. ಚಿಕಿತ್ಸೆಯನ್ನು ಬೇಗ, ಕಿಡ್ನಿ ಪೂರ್ತಿ ಸೋಲುವ ಮುನ್ನ ಕೊಡಬೇಕು ಎಂಬ ವಾದಕ್ಕೆ ಹೆಚ್ಚು ಬಲ ಇಲ್ಲಿಂದಲೇ ಸಿಗುತ್ತದೆ.

ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಆಸ್ಪತ್ರೆಗಳಲ್ಲಿ ಸಕ್ಕರೆ, ಬಿ.ಪಿ. ಚೀಟಿ ಹಿಡಿದು ಬರುವವರ ವಸಡನ್ನು ಅದೇ ದಿನ ನೋಡಲು ದುಬಾರಿ ಯಂತ್ರ ಬೇಕಿಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ, ಹಲ್ಲು ಅಲುಗಾಡುತ್ತಿದೆಯೇ, ಹೊಗೆಸೊಪ್ಪಿನ ಅಭ್ಯಾಸವಿದೆಯೇ ಎಂದು ಕೇಳಿದರೆ ಅರ್ಧ ವಿಷಯ ತಿಳಿಯುತ್ತದೆ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದ ಕೆಲವರ ವಸಡು ಊದಿ ಬೆಳೆಯುವುದುಂಟು. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದರಿಂದ, ಹಲ್ಲು ಕೀಳಿಸುವುದಿದ್ದರೆ ಮರುದಿನ ಕೀಳಿಸುವುದು ಕ್ಷೇಮ. ಕಿಡ್ನಿ ಕಸಿಗೆ ಮುನ್ನ ಬಾಯಲ್ಲಿ ಸೋಂಕಿಲ್ಲವೆಂದು ದಂತವೈದ್ಯರಿಂದ ಬರೆಸಿಕೊಳ್ಳುವ ರೂಢಿ ಈಗಾಗಲೇ ಇದೆ. ಅದೇ ತಪಾಸಣೆ ಸಕ್ಕರೆ ಕಾಯಿಲೆ ಪತ್ತೆಯಾದ ವರ್ಷವೇ ನಡೆಯಬೇಕು.