ತೆಂಗಿನ ನೆರಳಿನ ಕನಕಾಂಬರ

ಸಂಜೆಯ ಹೊತ್ತು ಪೇಟೆಯ ಬೀದಿಯಲ್ಲಿ ಹೂವಾಡಗಿತ್ತಿ ಮೊಳ ಹಾಕಿ ಕೊಡುವ ಕನಕಾಂಬರವನ್ನು ನೀವೆಲ್ಲ ನೋಡಿದ್ದೀರಿ, ಮುಡಿದಿದ್ದೀರಿ ಅಥವಾ ಮನೆಗೆ ಕೊಂಡೊಯ್ದಿದ್ದೀರಿ. ಆ ಹೂವು ಎಷ್ಟು ಹಗುರವೆಂದರೆ ಒಂದು ಕಿಲೋ ತೂಗಬೇಕಾದರೆ ಸುಮಾರು 15,000 ಹೂಗಳು ಬೇಕು. ಅಷ್ಟನ್ನೂ ಒಂದೊಂದಾಗಿ, ಬೆಳಗಿನ ತಂಪಿನಲ್ಲಿ, ಕೈಬೆರಳಿನಿಂದಲೇ ಕೀಳಬೇಕು. ಇಷ್ಟು ಶ್ರಮ ಬೇಡುವ ಈ ಪುಟ್ಟ ಪೊದೆಗಿಡ ಎಲ್ಲಿಂದ ಬಂತು, ಕೊಬ್ಬರಿಗೆ ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಹೇಗೆ ಹೊಂದಿಕೊಂಡಿತು, ಅದನ್ನು ಸಾಕುವ ವಿದ್ಯೆ ಹೇಗೆ ಬದಲಾಯಿತು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಹೆಸರಿನ ಹಿಂದೆ

ಕನಕಾಂಬರವೆಂದರೆ ಚಿನ್ನದ ಬಟ್ಟೆ. ಕರಾವಳಿಯಲ್ಲಿ ಇದೇ ಹೂವಿಗೆ ಅಬ್ಬಲಿಗೆ ಎನ್ನುತ್ತಾರೆ. ಕೊಂಕಣಿ, ಮರಾಠಿಗಳಲ್ಲಿ ಆಬೋಲಿ. ಗುಲಾಬಿಯ ಕೆಲವು ಜಾತಿಗಳಂತೆ ಹಡಗೇರಿ ಬಂದ ಹೂವಲ್ಲ ಇದು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರುಗಳಲ್ಲಿ ಸೇರಿವೆ. ಆಡುಸೋಗೆ, ಗೋರಂಟಿಗಳು ಇದರ ಬಂಧುಗಳು. ನೀಲಗಿರಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿಯೂ ಇದೇ ಕುಟುಂಬದ್ದು.

ಯೂರೋಪಿನ ಸಸ್ಯವಿಜ್ಞಾನಿಗಳ ಪುಸ್ತಕಕ್ಕೆ ಈ ಗಿಡ ಹದಿನೆಂಟನೆಯ ಶತಮಾನದಲ್ಲಿ ಸೇರಿತು. 1759ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನು ಜಸ್ಟೀಸಿಯ ಕುಲಕ್ಕೆ ಸೇರಿಸಿ, ಆಲಿಕೆಯ ಆಕಾರದ ಹೂವುಳ್ಳದ್ದು ಎಂಬ ಅರ್ಥದಲ್ಲಿ 'ಇನ್‌ಫಂಡಿಬ್ಯುಲಿಫಾರ್ಮಿಸ್' ಎಂದು ಕರೆದ. 1805ರಲ್ಲಿ ಇಂಗ್ಲೆಂಡಿನ ಸಾಲಿಸ್‌ಬರಿ 'ಕ್ರೊಸಾಂಡ್ರ' ಎಂಬ ಪ್ರತ್ಯೇಕ ಕುಲವನ್ನು ಮಾಡಿದ. 1832ರಲ್ಲಿ ಜರ್ಮನಿಯ ನೀಸ್ ಎರಡನ್ನೂ ಕೂಡಿಸಿ ಇಂದಿನ ಹೆಸರು ಕೊಟ್ಟ. ಚಳಿದೇಶಗಳಲ್ಲಿ ಇದು ಗಾಜಿನ ಮನೆಯೊಳಗೆ, ಕುಂಡದಲ್ಲಿ ಸಾಕುವ ಗಿಡ. ನಮ್ಮಲ್ಲಾದರೋ ಹಿತ್ತಲಿನ ಮೂಲೆಯಲ್ಲಿ ಬಿದ್ದ ಬೀಜವೂ ಮಳೆ ಕಂಡು ಮೊಳೆಯುತ್ತದೆ.

ಕೊಬ್ಬರಿ ಸೀಮೆ

ಈಗ ನೆಲದ ಕಡೆ ತಿರುಗೋಣ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಿದ. ಚಿಕ್ಕನಾಯಕನಹಳ್ಳಿಯ ಮೂಲಕವೂ ಅವನು ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಈ ಭಾಗದ ತೆಂಗು, ಅಡಿಕೆ ತೋಟಗಳ ವಿವರಗಳಿವೆ. ಅಂದರೆ ಇನ್ನೂರು ವರ್ಷಗಳ ಹಿಂದೆಯೇ ಇದು ತೋಟದ ಸೀಮೆಯಾಗಿತ್ತು.

ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರು ಮಳೆಯ ಈ ಬಯಲಿನಲ್ಲಿ ತೆಂಗು ನಿಂತದ್ದು ಕೆರೆ ಮತ್ತು ಬಾವಿಗಳ ಬಲದಿಂದ. ಕರಾವಳಿಯ ಹಸಿಗಾಳಿ ಇಲ್ಲಿಲ್ಲ. ಆ ಒಣಹವೆಯೇ ವರವಾಯಿತು. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ನೀರೆಲ್ಲ ಇಂಗಿ, ಒಳಗೆ ಉಂಡೆ ಕೊಬ್ಬರಿ ಗಲಗಲ ಎನ್ನುತ್ತದೆ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿನ ಮೇಲೆ ಹರಿಹರದ ಕಡೆಗೆ ರೈಲುದಾರಿ ಬಂದಾಗ ತಿಪಟೂರು ಆ ದಾರಿಯ ಮೇಲಿತ್ತು; ಮಂಡಿಗಳು ಬೆಳೆದವು, ಕೊಬ್ಬರಿ ದೂರದೂರಿಗೆ ಹೋಯಿತು.

ಆದರೆ ಕೊಬ್ಬರಿಯ ಹಣಕ್ಕೆ ಒಂದು ಸ್ವಭಾವವುಂಟು. ಅದು ಕಾಯುವವರ ಹಣ. ಕಾಯಿ ಬಲಿಯಬೇಕು, ಅಟ್ಟದಲ್ಲಿ ಒಣಗಬೇಕು, ಸುಲಿಯಬೇಕು, ಮಾರುಕಟ್ಟೆಯ ಧಾರಣೆ ನೋಡಬೇಕು. ಬರುವಾಗ ಇಡಿಯಾಗಿ ಬರುತ್ತದೆ. ಬಂದದ್ದು ಸಾಲಕ್ಕೆ, ಮದುವೆಗೆ, ಮನೆ ಕಟ್ಟುವುದಕ್ಕೆ ಹೋಗುತ್ತದೆ. ಉಪ್ಪು, ಸೋಪು, ಮಕ್ಕಳ ಪುಸ್ತಕ, ಬಸ್ಸಿನ ಚಾರ್ಜು ಇವೆಲ್ಲ ಹನ್ನೆರಡು ತಿಂಗಳು ಕಾಯುವುದಿಲ್ಲ. ಕನಕಾಂಬರದ ಬೆಲೆ ತಿಳಿಯುವುದು ಇಲ್ಲಿ. ಇದನ್ನು ದಿನ ಬಿಟ್ಟು ದಿನ ಕೀಳುತ್ತಾರೆ. ದಿನ ಬಿಟ್ಟು ದಿನ ಅಷ್ಟಿಷ್ಟು ಕಾಸು ಕಾಣುತ್ತದೆ. ಕೀಳುವವರೂ ಬಾಳೆನಾರಿನಲ್ಲಿ ಕಟ್ಟುವವರೂ ಹೆಚ್ಚಾಗಿ ಹೆಂಗಸರು. ಮಂಡಿಯ ಚೀಟಿ ಯಜಮಾನನ ಜೇಬಿಗೆ ಸೇರಿದರೆ, ಹೂವಿನ ಕಾಸು ಹೆಂಡತಿಯ ಸೆರಗಿನ ಗಂಟಿಗೆ ಸೇರುತ್ತದೆ. ಹಳ್ಳಿಯ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸವೇನಲ್ಲ.

ಮರದಡಿಯ ಜಾಗ

ತೆಂಗಿನ ಸಾಲಿನ ನಡುವೆ ಈ ಗಿಡ ಏಕೆ ಒಗ್ಗಿತು? ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತ ಸುಮಾರು ಎರಡು ಮೀಟರಿನೊಳಗೇ ಇರುತ್ತವೆ. ಏಳೂವರೆಯಿಂದ ಒಂಬತ್ತು ಮೀಟರು ಅಂತರದಲ್ಲಿ ಮರಗಳಿದ್ದರೆ ತೋಟದ ನೆಲದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಮರ ಬಳಸುವುದೇ ಇಲ್ಲ. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಕಾಸರಗೋಡಿನಲ್ಲಿ ಆರಂಭವಾಗಿ ಮುಂದೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಕೇಂದ್ರದಲ್ಲಿ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಎಂಟು ವರ್ಷದವರೆಗಿನ ಎಳೆಯ ತೋಟದಲ್ಲಿ ಬಿಸಿಲು ಸಾಕಷ್ಟು. ಎಂಟರಿಂದ ಇಪ್ಪತ್ತೈದರವರೆಗೆ ಗರಿಗಳು ಒತ್ತಾಗಿ ನೆರಳು ದಟ್ಟ. ಆಮೇಲೆ ಮರ ಎತ್ತರವಾದಂತೆ ಬಿಸಿಲು ಮತ್ತೆ ನೆಲಕ್ಕೆ ಇಳಿಯುತ್ತದೆ.

ಕನಕಾಂಬರ ಬಯಸುವುದು ಇಂತಹ ಜರಡಿ ಹಿಡಿದ ಬಿಸಿಲನ್ನೇ. ಸುಡುಬಿಸಿಲಿನಲ್ಲಿ ಅದು ಬಾಡುತ್ತದೆ, ಕತ್ತಲಂತಹ ನೆರಳಿನಲ್ಲಿ ಎಲೆಯಷ್ಟೇ ಬಿಡುತ್ತದೆ. ಆದ್ದರಿಂದ ನಿಮ್ಮ ತೋಟ ತೀರ ಎಳೆಯದಾಗಿದ್ದರೆ ಅಥವಾ ಚೆನ್ನಾಗಿ ಬಲಿತದ್ದಾಗಿದ್ದರೆ ಈ ಹೂವಿಗೆ ಜಾಗವಿದೆ. ನಡುವಯಸ್ಸಿನದಾದರೆ ಅಂಚಿನ ಸಾಲೇ ಲೇಸು.

ಸಿಡಿಯುವ ಬೀಜ, ಬೀಜವಿಲ್ಲದ ಗಿಡ

ಹಳೆಯ ಕ್ರಮದಲ್ಲಿ ಕನಕಾಂಬರ ಬೀಜದಿಂದಲೇ ಬರುತ್ತಿತ್ತು. ತೆನೆಯಲ್ಲಿ ಹೂವು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಒಂದು ತೆನೆ ಮುಗಿಯಲು ಎರಡು ಮೂರು ವಾರಗಳಾಗುತ್ತವೆ. ಕೀಳದೆ ಬಿಟ್ಟ ತೆನೆ ಒಣಗಿ ಕಾಯಾಗುತ್ತದೆ. ಆ ಒಣಕಾಯಿಗೆ ನೀರು ತಾಕಿದರೆ 'ಚಟ್' ಎಂದು ಸಿಡಿದು ಬೀಜ ದೂರ ಹಾರುತ್ತದೆ. ಮಕ್ಕಳು ಎಂಜಲು ಹಚ್ಚಿ ಸಿಡಿಸುವ ಆಟ ನಿಮಗೆ ನೆನಪಿರಬಹುದು. ಇಂಗ್ಲಿಷರು ಇದನ್ನು ಪಟಾಕಿ ಹೂವೆಂದು ಕರೆದದ್ದೂ ಈ ಗುಣಕ್ಕೆ ಒಪ್ಪುತ್ತದೆ. ಮಳೆ ಬಿದ್ದ ದಿನವೇ ಬೀಜ ನೆಲಕ್ಕೆ ಸೇರಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು.

ಬಳಿಕ ಬಂದದ್ದು ಡೆಲ್ಲಿ ಕನಕಾಂಬರ. ಹೂವು ದೊಡ್ಡದು, ಬಣ್ಣ ಗಾಢ, ಇಳುವರಿ ಹೆಚ್ಚು. ಮಲ್ಲಿಗೆಗೆ ಮೈಸೂರು, ಉಡುಪಿ, ಹಡಗಲಿಗಳ ಹೆಸರು ಅಂಟಿಕೊಂಡರೆ ನಮ್ಮ ನೆಲದ ಈ ಹೂವಿಗೆ ದೂರದ ದೆಹಲಿಯ ಹೆಸರು ಬಂದದ್ದು ಒಂದು ತಮಾಷೆ. ಈ ತಳಿಯ ಜೀವಕೋಶದಲ್ಲಿ ವರ್ಣತಂತುಗಳು ಎರಡು ಜೊತೆಗೆ ಬದಲಾಗಿ ಮೂರು ಜೊತೆ ಇರುತ್ತವೆ. ಆದಕಾರಣ ಅದು ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. 1967ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮುಂದೆ ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯಾ, ಅರ್ಕಾ ಶ್ರವ್ಯ, ಅರ್ಕಾ ಚೆನ್ನ ಮುಂತಾದ ತಳಿಗಳನ್ನು ಕೊಟ್ಟಿತು.

ಕಡ್ಡಿಯಿಂದ ಬಂದ ಗಿಡಗಳೆಲ್ಲ ಒಂದೇ ತಾಯಿಯ ಪ್ರತಿರೂಪಗಳು. ಹೂವು ಒಂದೇ ಸಮನಾಗಿ ಬರುತ್ತದೆ. ಒಂದಕ್ಕೆ ತಗುಲುವ ರೋಗವೂ ಎಲ್ಲಕ್ಕೂ ತಗುಲುತ್ತದೆ. ಬೀಜದ ಗಿಡಗಳಲ್ಲಾದರೆ ಒಂದಲ್ಲ ಒಂದು ತಡೆದು ನಿಂತೀತು. ಈ ಮಾತನ್ನು ನೆನಪಿಡಿ.

ಬೇರಿನ ಶತ್ರು

ಏಕೆಂದರೆ ಕನಕಾಂಬರದ ಇತಿಹಾಸದಲ್ಲಿ ದೊಡ್ಡ ಸೋಲು ಬಂದದ್ದು ಬೇರಿನಿಂದ. ಕಣ್ಣಿಗೆ ಕಾಣದ ಜಂತುಹುಳು ಬೇರನ್ನು ಕೊರೆಯುತ್ತದೆ ಅಥವಾ ಗಂಟು ಕಟ್ಟಿಸುತ್ತದೆ. ಆ ಗಾಯದ ದಾರಿಯಲ್ಲಿ ಫ್ಯುಸೇರಿಯಮ್ ಎಂಬ ಶಿಲೀಂಧ್ರ ಒಳಹೊಗುತ್ತದೆ. ಎಲೆ ಹಳದಿಯಾಗಿ, ತೆನೆ ಗಿಡ್ಡವಾಗಿ, ಗಿಡ ಸೊರಗಿ ಸಾಯುತ್ತದೆ. ನೀರು ಸಾಲದೆಂದು ಇನ್ನಷ್ಟು ನೀರು ಬಿಟ್ಟರೆ ಕೇಡು ಇಮ್ಮಡಿಯಾಗುತ್ತದೆ. ಒಂದೇ ಮಡಿಯಲ್ಲಿ ವರ್ಷದ ಮೇಲೆ ವರ್ಷ ಕನಕಾಂಬರವನ್ನೇ ಹಾಕಿದಲ್ಲಿ ಈ ಪೀಡೆ ಹೆಚ್ಚು.

ಪರಿಹಾರ ನಮ್ಮ ಕೈಯಲ್ಲೇ ಇದೆ. ಒಮ್ಮೆ ಸೊರಗಿದ ಮಡಿಯಲ್ಲಿ ಮುಂದಿನ ಬಾರಿ ಚೆಂಡುಹೂ ಹಾಕಿ. ಅದರ ಬೇರಿನ ಸತ್ವ ಈ ಜಂತುಗಳಿಗೆ ಆಗದು. ನಾಟಿಗೆ ಮೊದಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೇವಿನ ಹಿಂಡಿ ಬೆರೆಸಿ. ನೀರು ನಿಲ್ಲದ ಕೆಮ್ಮಣ್ಣನ್ನು ಆರಿಸಿ. ಹೊಸ ಬೀಜವನ್ನೇ ಬಿತ್ತಿ, ಸಸಿಯನ್ನು ಮಳೆಗಾಲದ ಮೊದಲಲ್ಲಿ ಸುಮಾರು ಎರಡಡಿ ಅಂತರದಲ್ಲಿ ನಾಟಿ ಮಾಡಿ. ಎರಡು ಮೂರು ತಿಂಗಳಲ್ಲಿ ಹೂ ಕಾಣುತ್ತದೆ. ಎಲೆಯ ನರ ಹಸಿರಾಗಿದ್ದು ನಡುವೆಲ್ಲ ಬಿಳುಪೇರಿದರೆ ಅದು ರೋಗವಲ್ಲ, ಕಬ್ಬಿಣದ ಕೊರತೆ. ಲೀಟರು ನೀರಿಗೆ ಐದು ಗ್ರಾಮು ಅನ್ನಭೇದಿ ಕರಗಿಸಿ ಸಿಂಪಡಿಸಿದರೆ ಹಸಿರು ಮರಳುತ್ತದೆ.

ಉಳಿದದ್ದು, ಉಳಿಯಬೇಕಾದದ್ದು

ತೆಂಗು ಕೈಬಿಡದ ಮರವೆಂಬ ನಂಬಿಕೆಗೆ ಈ ಸೀಮೆಯಲ್ಲಿ ಪೆಟ್ಟುಗಳು ಬಿದ್ದಿವೆ. 1990ರ ದಶಕದ ಕೊನೆಗೆ ನುಸಿಪೀಡೆ ಕಾಯನ್ನು ಕುಗ್ಗಿಸಿತು. 2012ರಿಂದಾಚೆಯ ಬರಗಾಲದ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ತಲೆಮಾರುಗಳಿಂದ ನಿಂತಿದ್ದ ಮರಗಳು ಸುಳಿ ಒಣಗಿ ಬಿದ್ದವು. ಒಂದು ತೆಂಗಿನ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಆ ನಡುಗಾಲದಲ್ಲಿ ಮನೆಯ ಒಲೆ ಉರಿಯಬೇಕಲ್ಲ! ಎಳೆಯ ತೆಂಗಿನ ನಡುವೆ ತುಂಬಿದ ಬಿಸಿಲೂ ಖಾಲಿ ನೆಲವೂ ಇರುವುದು ಅದೇ ವರ್ಷಗಳಲ್ಲಿ.

ಕನಕಾಂಬರ ತೆಂಗಿಗೆ ಬದಲಿಯಾಗಲಾರದು. ಅದಕ್ಕೂ ನೀರು ಬೇಕು, ಅದಕ್ಕಿಂತ ಹೆಚ್ಚಾಗಿ ಕೀಳುವ ಕೈಗಳು ಬೇಕು. ಕೂಲಿ ಕೊಟ್ಟು ಎಕರೆಗಟ್ಟಲೆ ಹಾಕಿದವರಿಗೆ ಲೆಕ್ಕ ಕೂಡದಿರುವುದೂ ಉಂಟು. ಮನೆಯವರು ಬೆಳಗಿನ ಎರಡು ತಾಸಿನಲ್ಲಿ ಕಿತ್ತು ಮುಗಿಸುವಷ್ಟು ಹಾಕುವುದೇ ಜಾಣತನ. ಜೊತೆಗೆ ಒಂದು ಕೆಲಸ ಮಾಡಿ. ಹೊಸ ತಳಿ ಎಷ್ಟೇ ಚೆನ್ನಾಗಿರಲಿ, ಹಿತ್ತಲಿನ ಮೂಲೆಯಲ್ಲಿ ಬೀಜ ಕಟ್ಟುವ ನಾಲ್ಕು ನಾಟಿ ಗಿಡಗಳನ್ನು ಉಳಿಸಿಕೊಳ್ಳಿ. ಕೆಲವು ತೆನೆಗಳನ್ನು ಕೀಳದೆ ಬಿಡಿ. ಮೊದಲ ಮಳೆಗೆ ಅವು ಸಿಡಿದು ಚೆಲ್ಲುವ ಬೀಜಕ್ಕೆ ಯಾರಿಗೂ ಕಾಸು ಕೊಡಬೇಕಾಗಿಲ್ಲ. ಒಂದು ವರ್ಷ ಮಡಿಯೆಲ್ಲ ಸೊರಗಿದರೂ ಮತ್ತೆ ಮೊದಲಿನಿಂದ ಆರಂಭಿಸಲು ಆ ನಾಲ್ಕು ಗಿಡ ಸಾಕು.