ಕಾರಿನ ಡಿಕ್ಕಿಯಲ್ಲಿ ಫ್ರಿಜ್: 1834ರಲ್ಲಿ ಕವಲೊಡೆದ ದಾರಿ

ಇವತ್ತಿನ ಇತಿಹಾಸ ಶುರುವಾಗೋದು ಆಲಮಟ್ಟಿ ಹತ್ತಿರ ಸ್ಟಾರ್ಟ್ ಆಗದೆ ನಿಂತ ಒಂದು ಕಾರಿನಿಂದ. ಕಾರು ನನ್ನದೇ.

ಮೇ ತಿಂಗಳು. ಪುಣೆಯಿಂದ ಸೊಲ್ಲಾಪುರ, ವಿಜಯಪುರ ದಾಟಿ ಬಾದಾಮಿಗೆ ಹೊರಟಿದ್ವಿ. ಜೊತೆಗೆ ಅಪ್ಪ ಇದ್ರು, ಅವರ ಇನ್ಸುಲಿನ್ ಪೆನ್‌ಗಳಿದ್ವು. ಬಳಸೋಕೆ ಶುರು ಮಾಡದ ಪೆನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಅದಕ್ಕಂತಲೇ ಕಾರಿನ ಸಾಕೆಟ್‌ಗೆ ಚುಚ್ಚುವ ಕೂಲರ್ ಬಾಕ್ಸ್ ತಗೊಂಡಿದ್ದೆ. ರಾತ್ರಿ ಟೆಂಟ್ ಹಾಕಿ ಮಲಗಿದ್ವಿ, ಬಾಕ್ಸ್ ಓಡ್ತಾನೇ ಇತ್ತು. ಬೆಳಿಗ್ಗೆ ನೋಡಿದ್ರೆ ಬಾಕ್ಸ್ ಒಳಗೆ 24 ಡಿಗ್ರಿ, ಕಾರಿನ ಬ್ಯಾಟರಿ ಖಾಲಿ. ಇನ್ಸುಲಿನ್ ಅಷ್ಟಕ್ಕೇ ಕೆಡಲ್ಲ, ನಿಜ. ಆದ್ರೆ ಇನ್ನೆರಡು ತಾಸು ಕಳೆದ್ರೆ ಬಿಸಿಲು 40 ಮುಟ್ಟುತ್ತೆ. "ಬ್ಯಾಟ್ರಿ ಪೂರಾ ಇಳಿದೈತ್ರಿ ಸರ" ಅಂದ ಟ್ರ್ಯಾಕ್ಟರ್‌ನವರು ಒಬ್ಬರು ವೈರ್ ಕೊಟ್ಟು ಪುಣ್ಯ ಕಟ್ಟಿಕೊಂಡರು.

ಲೆಕ್ಕ ಸರಳ. ಬಾಕ್ಸ್ ಎಳೆಯೋದು ಸುಮಾರು 4.5 ಆಂಪಿಯರ್. ಎಂಟು ಗಂಟೆಗೆ 36 ಆಂಪಿಯರ್-ಅವರ್. ಕಾರಿನ ಬ್ಯಾಟರಿ ಇರೋದೇ 35. ಎಂಟೆಕ್ ಮಾಡಿದೋನು ಈ ಗುಣಾಕಾರ ಹಾಕಿ ನೋಡಿರಲಿಲ್ಲ.

ಊರಿಗೆ ವಾಪಸ್ ಬಂದ ಮೇಲೆ ಓದೋಕೆ ಕೂತೆ. ಒಂದು ಸಂಗತಿ ನೋಡಿ ಆಶ್ಚರ್ಯ ಆಯ್ತು. 1834ರಲ್ಲಿ ಪ್ಯಾರಿಸ್‌ನಲ್ಲಿ ಪೆಲ್ಟಿಯರ್, ಗಡಿಯಾರದ ಕಸುಬು ಬಿಟ್ಟು ಭೌತಶಾಸ್ತ್ರಕ್ಕೆ ಬಂದವನು, ಎರಡು ಬೇರೆ ಲೋಹಗಳ ಬೆಸುಗೆಯಲ್ಲಿ ಕರೆಂಟ್ ಹರಿಸಿದ್ರೆ ಒಂದು ಬೆಸುಗೆ ತಣ್ಣಗಾಗುತ್ತೆ, ಇನ್ನೊಂದು ಬಿಸಿಯಾಗುತ್ತೆ ಅಂತ ತೋರಿಸಿದ. ಅದೇ 1834ರಲ್ಲಿ ಲಂಡನ್‌ನಲ್ಲಿ ಜೇಕಬ್ ಪರ್ಕಿನ್ಸ್ ಅನ್ನೋ ಅಮೆರಿಕನ್, ಈಥರ್ ಆವಿಯನ್ನು ಒತ್ತಿ, ದ್ರವ ಮಾಡಿ, ಮತ್ತೆ ಆವಿಯಾಗಿಸಿ ತಂಪು ಮಾಡುವ ಯಂತ್ರಕ್ಕೆ ಪೇಟೆಂಟ್ ತಗೊಂಡ. ನನ್ನ ಬಾಕ್ಸ್ ಪೆಲ್ಟಿಯರ್ ವಂಶದ್ದು. ಮನೆಯ ಫ್ರಿಜ್ ಪರ್ಕಿನ್ಸ್ ವಂಶದ್ದು.

1838ರಲ್ಲಿ ಲೆನ್ಸ್ ಪೆಲ್ಟಿಯರ್ ವಿಧಾನದಿಂದ ಒಂದು ಹನಿ ನೀರನ್ನು ಮಂಜು ಮಾಡಿ ತೋರಿಸಿದ. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಅದು ಪ್ರಯೋಗಾಲಯದ ಕೌತುಕವಾಗೇ ಉಳೀತು. 1954ರಲ್ಲಿ ಬ್ರಿಟನ್ನಿನ ಗೋಲ್ಡ್‌ಸ್ಮಿಡ್ ಬಿಸ್ಮತ್ ಟೆಲ್ಯುರೈಡ್ ಬಳಸಿದ ಮೇಲೇ ಅದು ಉಪಯೋಗಕ್ಕೆ ಬಂದಿದ್ದು. ಈಗಲೂ ಇಂಥ ಬಾಕ್ಸ್ ಹೊರಗಿನ ತಾಪಮಾನಕ್ಕಿಂತ ಹೆಚ್ಚೆಂದರೆ 15ರಿಂದ 20 ಡಿಗ್ರಿ ಕೆಳಗಿಳಿಸುತ್ತೆ. ಸ್ವೀಡನ್‌ಗೆ ಸಾಕು, ವಿಜಯಪುರಕ್ಕೆ ಸಾಲದು.

ಸ್ವೀಡನ್ ಅಂದೆ ನೋಡಿ, ಮೂರನೇ ದಾರಿ ಹುಟ್ಟಿದ್ದೇ ಅಲ್ಲಿ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಬೆಂಕಿಯಿಂದ ತಂಪು ಮಾಡಿದರು: ಅಮೋನಿಯಾ, ನೀರು, ಹೈಡ್ರೋಜನ್, ಕೆಳಗೊಂದು ಸಣ್ಣ ಜ್ವಾಲೆ. ಮೋಟಾರೇ ಇಲ್ಲ, ಸದ್ದೂ ಇಲ್ಲ. ಎಲೆಕ್ಟ್ರೋಲಕ್ಸ್ ಅದನ್ನು ಮಾರುಕಟ್ಟೆಗೆ ತಂತು. ಗ್ಯಾಸ್‌ನಿಂದ ಓಡುವ ಈ ಫ್ರಿಜ್ ದಶಕಗಳ ಕಾಲ ಪಾಶ್ಚಾತ್ಯರ ಕ್ಯಾರವಾನ್‌ಗಳನ್ನು ಆಳಿತು. ಒಂದೇ ತೊಂದರೆ, ಗಾಡಿ ಸಮತಟ್ಟಾಗಿ ನಿಂತಿರಬೇಕು. ಇಳಿಜಾರಲ್ಲಿ ನಿಲ್ಲಿಸಿದ್ರೆ ಒಳಗಿನ ದ್ರವದ ಓಡಾಟ ಕೆಟ್ಟು ತಂಪೇ ಬರಲ್ಲ.

ಅವರಿಗೆ ಬೆಂಕಿಯ ಮೊರೆ ಹೋಗೋ ಗತಿ ಯಾಕೆ ಬಂತು? ಬ್ಯಾಟರಿ ಕೈಕೊಡ್ತಿತ್ತು. ನಮ್ಮ ಕಾರಿನ ಸೀಸದ ಬ್ಯಾಟರಿ 1859ರ ಪ್ಲಾಂಟೆಯ ಸಂಶೋಧನೆ. ಆದರೆ ಕಾರಿನಲ್ಲಿ ಅದರ ಕೆಲಸ ಏನು ಅಂತ ನಿಗದಿ ಮಾಡಿದ್ದು 1912ರ ಕ್ಯಾಡಿಲಾಕ್. ಹ್ಯಾಂಡಲ್ ತಿರುಗಿಸೋ ಬದಲು ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಅದರಲ್ಲಿ ಬಂತು. ಸ್ಟಾರ್ಟರ್‌ಗೆ ಬೇಕಾಗಿದ್ದು ಕೆಲವೇ ಸೆಕೆಂಡು ನೂರಾರು ಆಂಪಿಯರ್, ಹಾಗಾಗಿ ಒಳಗೆ ತೆಳು ಪ್ಲೇಟುಗಳು. ರಾತ್ರಿಯಿಡೀ ನಿಧಾನವಾಗಿ ಪೂರ್ತಿ ಖಾಲಿ ಮಾಡಿದ್ರೆ ಆ ಪ್ಲೇಟುಗಳೇ ಹಾಳಾಗ್ತವೆ. ಓಟಗಾರನ ಹೆಗಲಿಗೆ ಮೂಟೆ ಹೊರಿಸಿದ ಹಾಗೆ.

ಮೂಟೆ ಹೊರುವವನು ಬಂದಿದ್ದು 1997ರಲ್ಲಿ. ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಲಿಥಿಯಂ ಐರನ್ ಫಾಸ್ಫೇಟ್ ಬಗ್ಗೆ ಒಂದು ಪ್ರಬಂಧ ಬಂತು. ಲೇಖಕರು ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ನಡುವಿನ ಹೆಸರು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ, ಸುಳ್ಳು ಹೇಳಲ್ಲ! ಈ ವಸ್ತುವಿನ ಫಾಸ್ಫೇಟ್ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಬೆಂಕಿ ಹತ್ತುವ ಭಯ ಕಡಿಮೆ. ಬಿಸಿಲಲ್ಲಿ ನಿಂತ ಕಾರಿಗೆ ಇದು ಸಣ್ಣ ಮಾತಲ್ಲ. 100 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸೋದು ಕ್ಷೇಮ, ಇದರಲ್ಲಿ ಹೆಚ್ಚುಕಡಿಮೆ ಪೂರ್ತಿ.

ಅಷ್ಟರಲ್ಲಿ ಪರ್ಕಿನ್ಸ್ ದಾರಿಯೂ ಕಾರಿಗೆ ಹೊಂದಿಕೊಂಡಿತ್ತು. ಡೆನ್ಮಾರ್ಕಿನ ಡ್ಯಾನ್‌ಫಾಸ್‌ನ ಪುಟ್ಟ ಬಿಡಿ35 ಕಂಪ್ರೆಸರ್ ನೇರ 12 ವೋಲ್ಟ್‌ನಲ್ಲಿ ಓಡುತ್ತೆ, ಇನ್ವರ್ಟರ್ ಬೇಡ. ತಂಪಾದ ಮೇಲೆ ತಾನೇ ನಿಲ್ಲುತ್ತೆ. ಬ್ಯಾಟರಿ ವೋಲ್ಟೇಜ್ ಇಳಿದ್ರೂ ತಾನೇ ನಿಲ್ಲುತ್ತೆ. ನನ್ನ ಬಾಕ್ಸ್‌ಗೆ ಈ ಎರಡು ಬುದ್ಧಿಯಲ್ಲಿ ಒಂದೂ ಇರಲಿಲ್ಲ.

ಈಗ ಡಿಕ್ಕಿಯಲ್ಲಿರೋದು ಕಂಪ್ರೆಸರ್ ಫ್ರಿಜ್, ಪಕ್ಕದಲ್ಲಿ ಬೇರೆಯದೇ ಫಾಸ್ಫೇಟ್ ಬ್ಯಾಟರಿ. ಅಪ್ಪನ ಪೆನ್ 4 ಡಿಗ್ರಿಯಲ್ಲಿ ಮಲಗಿರುತ್ತೆ. ಹಳೇ ಬಾಕ್ಸ್ ಬಿಸಾಡಿಲ್ಲ. ಪೆಲ್ಟಿಯರ್ ಬೆಸುಗೆಗೆ ಕರೆಂಟ್ ತಿರುಗುಮುರುಗಾಗಿ ಕೊಟ್ರೆ ತಣ್ಣಗಾಗಬೇಕಾದ ಕಡೆ ಬಿಸಿಯಾಗುತ್ತಲ್ಲ, ಅದಕ್ಕೊಂದು ಸ್ವಿಚ್ ಇದೆ. ಕಾರು ಓಡ್ತಿರುವಾಗ ಅಮ್ಮ ಅದರಲ್ಲಿ ಜೋಳದ ರೊಟ್ಟಿ ಬೆಚ್ಚಗಿಡ್ತಾರೆ.